ಟೂಲಿಂಗ್ ಮಾಡಿದ ಲೆದರ್‌ಗೆ ಆಂಟಿಕ್: ಪೇಸ್ಟಾ, ಜೆಲ್ಲಾ?

ಟೂಲಿಂಗ್ ಮಾಡಿದ (ಅಂದ್ರೆ ಡಿಸೈನ್ ಕೊರೆದು ಒತ್ತಿದ) ಲೆದರ್‌ನ ಗೆರೆಗಳಲ್ಲಿ ಗಾಢ ಬಣ್ಣ ನಿಲ್ಲಿಸೋ ಆಂಟಿಕ್, ಪೇಸ್ಟ್ ಮತ್ತೆ ಜೆಲ್ ಎರಡರಲ್ಲಿ ಯಾವ್ದು ತಗೊಳ್ಳಲಿ ಅಂತ ಕೇಳಿದ್ರಲ್ಲ, ಪೀಸ್ ಎಷ್ಟು ದೊಡ್ಡದು ಅನ್ನೋದು ಮೊದ್ಲು ನೋಡ್ಕೊಳ್ಳಿ.

ಬಣ್ಣ ಸಮ ಬರಬೇಕು ಅಂದ್ರೆ ಟೈಮ್ ಸಿಗಬೇಕು. ಪೇಸ್ಟ್ ದಪ್ಪ, ನಿಧಾನಕ್ಕೆ ಒಣಗುತ್ತೆ, ಹಾಗಾಗಿ ಗೆರೆಗಳ ಒಳಗೆಲ್ಲ ತಿಕ್ಕಿ ತುಂಬಿಸಿ ಆಮೇಲೆ ಮೇಲಿಂದ ಆರಾಮಾಗಿ ಒರೆಸಬೋದು, ಬ್ಯಾಗ್ ಥರ ದೊಡ್ಡದಕ್ಕೆ ನಾನಂತೂ ಇದನ್ನೇ ಹಿಡಿಯೋದು. ವಾಟರ್ ಬೇಸ್ ಜೆಲ್ ಹಂಗಲ್ಲ, ಒಂದು ಮೂಲೆ ಒರೆಸೋಷ್ಟ್ರಲ್ಲಿ ಇನ್ನೊಂದು ಮೂಲೆ ಒಣಗಿ ಪಟ್ಟೆ ಪಟ್ಟೆ ಆಗಿರುತ್ತೆ. ಪರ್ಸ್, ಕೀಚೈನ್‌ಗೆ ಮಾತ್ರ ಅದೇ ಸಲೀಸು, ವಾಸನೆ ಕಮ್ಮಿ, ಕೈ ತೊಳ್ಕೊಳ್ಳೋದೂ ಸುಲಭ.

ಯಾವ್ದೇ ಆದ್ರೂ ಮೊದ್ಲು ರೆಸಿಸ್ಟ್ (ಬಣ್ಣ ಲೆದರ್ ಒಳಗೆ ಇಳಿಯದ ಹಾಗೆ ತಡೆಯೋ ಲೇಪ) ಹಚ್ಚಿ ಪೂರ್ತಿ ಒಣಗಿಸಿ, ಇಲ್ದಿದ್ರೆ ಬರೀ ಲೆದರ್ ಬಣ್ಣ ಹೀರ್ಕೊಂಡು ಕಲೆ ಕಲೆ ಆಗುತ್ತೆ, ಎಷ್ಟು ಒರೆಸಿದ್ರೂ ಹೋಗಲ್ಲ (ನನ್ನ ಮೊದಲ ಬೆಲ್ಟ್ ಹಿಂಗೇ ಹಾಳಾಯ್ತು). ಒರೆಸೋವಾಗ ಬಟ್ಟೆನ ಬೆರಳಿಗೆ ಸುತ್ಕೋಬೇಡಿ, ಗೆರೆ ಒಳಗಿರೋ ಬಣ್ಣನೂ ಎತ್ಕೊಂಡು ಬರುತ್ತೆ, ಚಪ್ಪಟೆಯಾಗಿ ಮಡಚಿ ಹಿಡೀರಿ.

ಬಾಳಿಕೆಗೆ ಎರಡಕ್ಕೂ ಮೇಲೊಂದು ಫಿನಿಶ್ (ಕೊನೆಗೆ ಹಚ್ಚೋ ರಕ್ಷಣೆಯ ಲೇಪ) ಬೇಕೇ ಬೇಕು. ಪೇಸ್ಟ್ ಮೇಲೆ ಅವಸರದಲ್ಲಿ ಹಚ್ಚಿದ್ರೆ ಬಣ್ಣ ಕದಡುತ್ತೆ, ಒಂದು ರಾತ್ರಿ ಬಿಡಿ. ಅಷ್ಟು ಕಾಯೋಕಾಗಲ್ಲ ಅಂದ್ರೆ ಜೆಲ್ ತಗೊಂಡು ವೇಸ್ಟ್ ತುಂಡಿನ ಮೇಲೆ ಒಂದ್ಸಲ ಟ್ರೈ ಮಾಡಿ ನೋಡಿ.