ರೆಸ್ಯೂಮೆ ತಿದ್ದಿಸಲು ಮಲ್ಲೇಶ್ವರದ ಒಂದು ಡಿಟಿಪಿ ಅಂಗಡಿ: ಐದಕ್ಕೆ ನಾಲ್ಕು

ಮಾರ್ಗೋಸಾ ರಸ್ತೆಯ ಅಡ್ಡರಸ್ತೆಯೊಂದರಲ್ಲಿ, ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿ. ಬೋರ್ಡಿನಲ್ಲಿ ಝೆರಾಕ್ಸ್, ಡಿಟಿಪಿ, ಲ್ಯಾಮಿನೇಶನ್ ಅಂತಷ್ಟೇ ಇದೆ. ಕರಡು ತಿದ್ದಿಸಲು ಬರುವವರೆಲ್ಲ ಬಾಯಿಮಾತಿನಲ್ಲಿ ಕೇಳಿ ಬಂದವರು. ಮಾಲೀಕರು ಹಿಂದೆ ಪತ್ರಿಕೆಯೊಂದರಲ್ಲಿ ಪ್ರೂಫ್ ರೀಡರ್ ಆಗಿದ್ದವರು. ಕನ್ನಡ, ಇಂಗ್ಲಿಷ್ ಎರಡನ್ನೂ ನೋಡುತ್ತಾರೆ. ಪುಟಕ್ಕೆ 60 ರೂಪಾಯಿ.

ಅಕ್ಕನ ಮಗಳು ಕನ್ನಡ ಎಂಎ ಮುಗಿಸಿ ಅನುವಾದದ ಕೆಲಸಗಳಿಗೆ ಅರ್ಜಿ ಹಾಕುತ್ತಿದ್ದಳು. ಅವಳ ರೆಸ್ಯೂಮೆ ಹಿಡಿದು ಹೋದೆವು. ಅವರು ಮೊದಲು ಪ್ರಿಂಟ್ ತೆಗೆದರು. ಸ್ಕ್ರೀನ್ ಮೇಲೆ ಓದಿದರೆ ಕಣ್ಣು ಜಾರುತ್ತದಂತೆ. ಆಮೇಲೆ ಒಂದು ಸ್ಕೇಲನ್ನು ಸಾಲಿನ ಕೆಳಗಿಟ್ಟು, ಒಂದೊಂದೇ ಸಾಲು ಇಳಿಸುತ್ತಾ ಓದಿದರು. ‘ಧೃಡೀಕರಣ’ಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಅಂಚಿನಲ್ಲಿ ‘ದೃಢೀಕರಣ’ ಎಂದು ಬರೆದರು. ಇಂಗ್ಲಿಷ್ ಪುಟದಲ್ಲಿ ಮ್ಯಾನೇಜರ್ (manager) ಪದದ ಒಂದು ‘a’ ಬಿದ್ದುಹೋಗಿ manger, ಅಂದರೆ ದನದ ಗೋದಲಿ ಆಗಿತ್ತು! ಅದೂ ನಿಘಂಟಿನಲ್ಲಿರುವ ಪದವೇ, ಹಾಗಾಗಿ ಕಂಪ್ಯೂಟರ್ ಗೆರೆ ಎಳೆದಿರಲಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಅವರು ಕೇಳಿದ ಪ್ರಶ್ನೆಗಳು. “2022ರಲ್ಲೇ ಬಿಟ್ಟ ಕೆಲಸಕ್ಕೆ ವರ್ತಮಾನಕಾಲ ಯಾಕಮ್ಮ? ಇನ್ನೂ ಅಲ್ಲೇ ಇದ್ದೀಯಾ ಅಂದ್ಕೊಳ್ತಾರೆ.” “ಮೇಲೊಂದು ಇಮೇಲ್, ಕೆಳಗೊಂದು ಇಮೇಲ್. ಯಾವುದಕ್ಕೆ ಬರೀಬೇಕು?” ಸುಮ್ನೆ ತಿದ್ದಿ ಕೈಗೆ ಕೊಡುವವರಲ್ಲ. ಕೊನೆಗೆ ಅವಳಿಂದಲೇ ಜೋರಾಗಿ ಓದಿಸಿದರು. ಓದುತ್ತಾ ಉಸಿರು ಕಟ್ಟಿದ ವಾಕ್ಯವನ್ನು ಅವಳೇ ಎರಡು ಮಾಡಿದಳು.

ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಎಚ್‌ಆರ್. ಅರ್ಜಿಗಳ ರಾಶಿ ನೋಡುವುದೇ ಕೆಲಸ. ಒಂದಕ್ಷರ ತಪ್ಪಿತೆಂದು ಯಾರನ್ನೂ ತಳ್ಳಿಹಾಕುವುದಿಲ್ಲ, ನಾವೇನು ಪಂಡಿತರಲ್ಲ. ಆದರೆ ಸ್ಟೋರ್ಸ್ ಹುದ್ದೆ ಕೇಳುವವರು ತಮ್ಮ ಫೋನ್ ನಂಬರನ್ನೇ ಒಂಬತ್ತು ಅಂಕಿಗೆ ನಿಲ್ಲಿಸಿದ್ದರೆ ಭಯವಾಗುತ್ತದೆ. ನಾಳೆ ಪರ್ಚೇಸ್ ಆರ್ಡರಿನಲ್ಲಿ 50 ಬೇರಿಂಗ್ 500 ಆದರೆ? ಹೋಗಲಿ, ಇಂಟರ್‌ವ್ಯೂಗೆ ಕರೆಯೋಣ ಎಂದರೂ ನಂಬರ್ ಬೇಕಲ್ವಾ! ಅನುವಾದದ ಕೆಲಸದಲ್ಲಂತೂ ರೆಸ್ಯೂಮೆಯೇ ಮೊದಲ ಸ್ಯಾಂಪಲ್. ಅದರಲ್ಲೇ ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾಗಿದ್ದರೆ ಟೆಸ್ಟ್ ಕೊಡುವ ಮೊದಲೇ ಕಥೆ ಮುಗಿದ ಹಾಗೆ.

ಒಂದು ಸ್ಟಾರ್ ಕಡಿಮೆ ಯಾಕೆ? ಅವರ ಕವರ್ ಲೆಟರ್ ಇನ್ನೂ ‘ತಮ್ಮಲ್ಲಿ ವಿನಮ್ರವಾಗಿ ಬೇಡಿಕೊಳ್ಳುವುದೇನೆಂದರೆ’ ಕಾಲದ್ದು. ಅದನ್ನು ನೀವೇ ಬರೆದುಕೊಂಡು ಹೋಗಿ, ವ್ಯಾಕರಣ ಮಾತ್ರ ನೋಡಿಸಿ. ಕನ್ನಡ ಟೈಪಿಂಗ್ ಹಳೆಯ ನುಡಿ ಫಾಂಟಿನಲ್ಲಿ ನಡೆಯುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಯೂನಿಕೋಡ್‌ಗೆ ಬದಲಿಸಿ ಕೊಡಿ ಎಂದು ಮೊದಲೇ ಹೇಳಿ. ಬದಲಿಸಿದ ಮೇಲೆ ಅರ್ಕಾವತ್ತುಗಳನ್ನು ಇನ್ನೊಮ್ಮೆ ನೋಡಿ, ಅಲ್ಲೇ ಎಡವಟ್ಟಾಗುವುದು. ಜೊತೆಗೆ ಪಿಡಿಎಫ್ ಕೂಡ ತೆಗೆದುಕೊಳ್ಳಿ.

ಶನಿವಾರ ಮಧ್ಯಾಹ್ನ ಮಾತ್ರ ಹೋಗಬೇಡಿ. ಮದುವೆ ಪತ್ರಿಕೆಯವರು ತುಂಬಿರುತ್ತಾರೆ.