ಕಾರ್ಕಳದ ಬಿಸಿಬಂಡೆ: ಸಕ್ಕರೆ ಕಾಯಿಲೆಯ ಹಿರಿಯರನ್ನು ಕರೆದೊಯ್ಯುವವರ ಗಮನಕ್ಕೆ

ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವ ಹಿರಿಯರನ್ನು ಕಾರ್ಕಳಕ್ಕೆ ಕರೆದುಕೊಂಡು ಹೋಗುವುದಾದರೆ, ದಯವಿಟ್ಟು ಮೊದಲು ಗೊಮ್ಮಟಬೆಟ್ಟಕ್ಕೆ ಹೋಗಿ, ಕೆರೆಯನ್ನು ಆಮೇಲೆ ನೋಡಿ. ಕಳೆದ ಮಾರ್ಚ್‌ನಲ್ಲಿ ನಾವು ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡೆವು.

ಉಡುಪಿಯಿಂದ ಬೇಗ ಹೊರಟು ಏಳೂವರೆಗೆಲ್ಲ ಆನೆಕೆರೆಯ ದಂಡೆ ಸೇರಿದ್ದೆವು. ನೀರಿನ ನಡುವಿನ ಬಸದಿಯನ್ನು ನೋಡುತ್ತ ತಂಪುಗಾಳಿಯಲ್ಲಿ ಕುಳಿತ ಅಮ್ಮನಿಗೆ ಏಳಲು ಮನಸ್ಸೇ ಬರಲಿಲ್ಲ, ನನಗೂ ಅವಸರವಿರಲಿಲ್ಲ. ಬಳಿಕ ತಿಂಡಿ, ಆಮೇಲೆ 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ, ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ. ಅಲ್ಲಿಂದ, 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿ ಎತ್ತರದ ಬಾಹುಬಲಿಯ ದರ್ಶನಕ್ಕೆ ಹೊರಟಾಗ ಗಂಟೆ ಹನ್ನೊಂದೂವರೆ ದಾಟಿತ್ತು.

ಅಮ್ಮ ಭಕ್ತಿಯಿಂದ ಚಪ್ಪಲಿಯನ್ನು ಕೆಳಗೇ ಬಿಟ್ಟರು. ನಾನು ಕಾದ ಕಲ್ಲಿನ ಮೇಲೆ ಕಾಲೂರಲಾರದೆ ನೆರಳಿನಿಂದ ನೆರಳಿಗೆ ಓಡುತ್ತಿದ್ದರೆ ಅವರು ನಿಧಾನವಾಗಿ, ಸಮಾಧಾನದಿಂದ ನಡೆದರು. ಕೇಳಿದ್ದಕ್ಕೆ, “ಬಿಸಿ ಎಂತದ್ದೂ ಇಲ್ಲ ಮಗಾ” ಎಂದರು. ಹಳೆಯ ಕಾಲದ ಗಟ್ಟಿ ಪಾದ ಎಂದು ನಾನು ನಂಬಿದೆ. ಆ ಮಾತೇ ನನ್ನನ್ನು ಎಚ್ಚರಿಸಬೇಕಿತ್ತು.

ರಾತ್ರಿ ಮನೆಯ ಕಾಲೊರಸಿನ ಮೇಲೆ ತೇವದ ಕಂದು ಗುರುತು ಕಂಡು ಅಮ್ಮನ ಬಲಗಾಲನ್ನು ಎತ್ತಿ ನೋಡಿದೆ. ಹೆಬ್ಬೆರಳ ಬುಡದಲ್ಲಿ ದೊಡ್ಡದೊಂದು ಬೊಕ್ಕೆ ಒಡೆದು, ಚರ್ಮ ಸುಲಿದು ಒಂದು ಬದಿಗೆ ಮಡಚಿಕೊಂಡಿತ್ತು. ಅವರಿಗೆ ಆಗಲೂ ನೋವಿರಲಿಲ್ಲ. ದೀರ್ಘಕಾಲದ ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಸೊರಗಿ ಬಿಸಿಯಾಗಲಿ ನೋವಾಗಲಿ ತಿಳಿಯದಂತಾಗುತ್ತದೆ, ಇಂತಹ ಗಾಯಕ್ಕೆ ಬೇಗ ಕೀವು ತುಂಬುತ್ತದೆ, ಮಾಯುವುದೂ ತಡ ಎಂದು ವೈದ್ಯರು ವಿವರಿಸಿದರು. ಐದು ವಾರ ಡ್ರೆಸ್ಸಿಂಗ್ ಮಾಡಿಸಬೇಕಾಯಿತು.

ಆದ್ದರಿಂದ ಹಿರಿಯರನ್ನು “ಬಿಸಿಯಾಗುತ್ತದೆಯೇ” ಎಂದು ಕೇಳಿ ಸುಮ್ಮನಾಗಬೇಡಿ, ನಿಮ್ಮದೇ ಅಂಗೈಯ ಹಿಂಬದಿಯನ್ನು ಕಲ್ಲಿಗೆ ಇಟ್ಟು ನೋಡಿ. ಸ್ವಲ್ಪ ಹೊತ್ತು ಇಡಲಾಗದಿದ್ದರೆ ಅವರನ್ನು ಬರಿಗಾಲಲ್ಲಿ ನಡೆಸಬೇಡಿ. ದಪ್ಪ ಹತ್ತಿಯ ಕಾಲುಚೀಲ ಜೊತೆಗಿರಲಿ, ಅದನ್ನು ಧರಿಸಲು ಬಿಡುತ್ತಾರೆಯೇ ಎಂದು ಅಲ್ಲಿಯೇ ವಿಚಾರಿಸಿ. ಇಳಿದ ಕೂಡಲೇ, ಕಾರು ಹತ್ತುವ ಮೊದಲೇ, ಎರಡೂ ಅಂಗಾಲು ನೋಡಿ. ಸುಟ್ಟಿದ್ದರೆ ಮಂಜುಗಡ್ಡೆ, ಟೂತ್‌ಪೇಸ್ಟ್ ಹಚ್ಚದೆ 20 ನಿಮಿಷ ಹರಿಯುವ ತಣ್ಣೀರು ಬಿಡಿ, ಬೊಕ್ಕೆಯನ್ನು ಒಡೆಯಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ. ನಾವು ತೋರಿಸಿದ್ದು ಮರುದಿನ ಮಧ್ಯಾಹ್ನ.