ಮುಳುಗಿದ ಅರಿಝೋನಾ, ತೇಲುವ ಮಿಸೌರಿ: ಯಾವುದು ಮೊದಲು?

ಹವಾಯಿಯ ಪರ್ಲ್ ಹಾರ್ಬರ್‌ಗೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಒಬ್ಬನೇ ಮಿಸೌರಿಯನ್ನು ನೋಡಿ ಆಮೇಲೆ ಅರಿಝೋನಾಕ್ಕೆ ಹೋದೆ. ಎರಡನೆಯ ಸಲ ಅಮ್ಮನ ಜೊತೆ, ತಿರುಗುಮುರುಗಾಗಿ. ಎರಡೂ ಅಮೆರಿಕದ ಯುದ್ಧನೌಕೆಗಳೇ, ಒಂದು ನೀರಿನಡಿ, ಇನ್ನೊಂದು ನೀರಿನ ಮೇಲೆ.

ಅರಿಝೋನಾ ಸ್ಮಾರಕಕ್ಕೆ ಪ್ರವೇಶ ಉಚಿತ, ಆನ್‌ಲೈನ್‌ನಲ್ಲಿ ಕಾಯ್ದಿರಿಸಲು ಒಂದು ಡಾಲರ್. ಉಚಿತವೆಂದು ಉದಾಸೀನ ಮಾಡಿದ್ದಕ್ಕೆ ಮೊದಲ ಸಲ ಕಾಯ್ದಿರಿಸದವರ ಸಾಲಿನಲ್ಲಿ ಒಂದೂವರೆ ಗಂಟೆ ಬಿಸಿಲು ಕಾದೆ. ಕೈಚೀಲ ಒಯ್ಯುವಂತಿಲ್ಲ, ಹಣ ಕೊಟ್ಟು ಹೊರಗಿಡಬೇಕು. ಮಿಸೌರಿಯ ಟಿಕೆಟ್ ಕಿಸೆಗೆ ಭಾರ, ಆದರೆ ಬಸ್ಸಿನಲ್ಲಿ ಫೋರ್ಡ್ ದ್ವೀಪಕ್ಕೆ ಹೋಗಿ ಹಡಗು ಹತ್ತಿದರೆ ಮೂರು ಗಂಟೆ ಸುತ್ತಾಡಿದರೂ ಯಾರೂ ಎಬ್ಬಿಸುವುದಿಲ್ಲ. ಅರಿಝೋನಾದಲ್ಲಿ ಹಾಗಲ್ಲ. ನೌಕಾಪಡೆಯ ದೋಣಿ ಇಳಿಸಿದ ಮೇಲೆ ಸಿಗುವುದು ಸುಮಾರು ಕಾಲು ಗಂಟೆ.

ಆ ಕಾಲು ಗಂಟೆಯನ್ನು ನಾನು ಮೊದಲ ಸಲ ವ್ಯರ್ಥ ಮಾಡಿದೆ. ಮಿಸೌರಿಯ ಭಾರಿ ಫಿರಂಗಿಗಳನ್ನು ಕಣ್ಣಲ್ಲಿ ತುಂಬಿಕೊಂಡು ಬಂದವನಿಗೆ ಈ ಬಿಳಿಯ ಕಟ್ಟಡ ಸಪ್ಪೆಯೆನಿಸಿತು. ಮಧ್ಯಾಹ್ನದ ಗಾಳಿಗೆ ನೀರು ಕದಡಿ ಏನೂ ಕಾಣಲಿಲ್ಲ.

ಅಮ್ಮನೊಂದಿಗೆ ಬೆಳಿಗ್ಗೆಯ ದೋಣಿ ಹಿಡಿದೆ. 1962ರಲ್ಲಿ ಲೋಕಾರ್ಪಣೆಗೊಂಡ ಈ ಸ್ಮಾರಕ ಮುಳುಗಿದ ಹಡಗಿಗೆ ಅಡ್ಡಲಾಗಿ, ಅದನ್ನು ಎಲ್ಲೂ ಮುಟ್ಟದೆ ನಿಂತಿದೆ. ಕಟಕಟೆಯಿಂದ ಬಗ್ಗಿ ನೋಡಿದರೆ ಫಿರಂಗಿ ಗೋಪುರದ ತುಕ್ಕು ಹಿಡಿದ ಬುಡ ನೀರಿನ ಮೇಲೆ ಬಳೆಯಂತೆ ಎದ್ದಿದೆ. ಅದರ ಪಕ್ಕದಲ್ಲಿ ಕಪ್ಪು ಹನಿಯೊಂದು ಮೇಲೆ ಬಂದು, ಒಡೆದು, ಕಾಮನಬಿಲ್ಲಿನ ತೆಳು ಪೊರೆಯಾಗಿ ಹರಡಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. 1941ರ ಡಿಸೆಂಬರ್ 7ರ ಜಪಾನಿ ದಾಳಿಯಲ್ಲಿ ಮುಂಭಾಗದ ಮದ್ದಿನ ಕೋಣೆ ಸಿಡಿದು ಮುಳುಗಿದ ಹಡಗಿನ ಎಣ್ಣೆ ಇನ್ನೂ ಹೀಗೆ ಸೋರುತ್ತಿದೆ. ಸತ್ತವರು 1,177 ಮಂದಿ, 900ಕ್ಕೂ ಹೆಚ್ಚು ದೇಹಗಳು ಒಳಗೇ ಇವೆ. ಅಮೃತಶಿಲೆಯ ಗೋಡೆಯ ಮೇಲಿನ ಹೆಸರುಗಳನ್ನು ನಿಧಾನವಾಗಿ ಓದುತ್ತಿದ್ದ ಅಮ್ಮ, "ಒಂದೇ ಮನೆತನದ ಹೆಸರು ಎರಡೆರಡು ಸಲ ಇದೆಯಲ್ಲೋ" ಎಂದರು. ಅಣ್ಣತಮ್ಮಂದಿರು ಎಂದೆ. ದೋಣಿ ಬರುವವರೆಗೆ ಅವರು ಮಾತಾಡಲಿಲ್ಲ.

ದಡದಲ್ಲೇ ಇರುವ ಬೋಫಿನ್ ಜಲಾಂತರ್ಗಾಮಿಯನ್ನು ಮಕ್ಕಳು ಇಷ್ಟಪಡುತ್ತಾರೆ. ಬಾಗಿಲುಗಳು ಎಷ್ಟು ಕಿರಿದೆಂದರೆ ಮೊಣಕಾಲು ನೋವಿನವರನ್ನು ಕರೆದೊಯ್ಯಬೇಡಿ, ನಾವೂ ಬಿಟ್ಟೆವು.

ಹಾಗಾಗಿ ನನ್ನ ಮತ: ಒಂದನ್ನೇ ನೋಡುವುದಾದರೆ ಅರಿಝೋನಾ, ಎರಡಕ್ಕೂ ಬಿಡುವಿದ್ದರೆ ಬೆಳಿಗ್ಗೆಯೇ ಅರಿಝೋನಾ, ಆಮೇಲೆ ಮಿಸೌರಿ. ಈ ಕ್ರಮದಲ್ಲಿ ಮಿಸೌರಿಯೂ ಬೇರೆಯಾಗಿ ಕಾಣುತ್ತದೆ. ಅದರ ಮೂತಿ ಅರಿಝೋನಾದ ಕಡೆಗೇ ಇದೆ. 1945ರ ಸೆಪ್ಟೆಂಬರ್ 2ರಂದು ಜಪಾನ್ ಶರಣಾಗತಿಗೆ ಸಹಿ ಹಾಕಿದ ಜಾಗದಲ್ಲಿ, ಹಲಗೆಗಳ ನಡುವೆ, ದುಂಡು ಫಲಕ ಕೂರಿಸಿದ್ದಾರೆ. ಎಲ್ಲರೂ ಅಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅಮ್ಮ ನಿಂತದ್ದು ಹಡಗಿನ ಅಂಚಿನ ಒಂದು ಸಣ್ಣ ತಗ್ಗಿನ ಬಳಿ. ಆ ವರ್ಷದ ಏಪ್ರಿಲ್‌ನಲ್ಲಿ ಆತ್ಮಾಹುತಿ ವಿಮಾನವೊಂದು ಬಡಿದ ಗುರುತು ಅದು. ಸತ್ತ ಜಪಾನಿ ಪೈಲಟ್‌ಗೆ ಮಿಸೌರಿಯ ಕ್ಯಾಪ್ಟನ್ ಕ್ಯಾಲಹನ್ ಮರುದಿನ ಸೈನಿಕ ಗೌರವದೊಂದಿಗೆ ಸಮುದ್ರದಲ್ಲಿ ಅಂತ್ಯಸಂಸ್ಕಾರ ಮಾಡಿಸಿದರು ಎಂದು ಗೈಡ್ ಹೇಳಿದ್ದನ್ನು ಕನ್ನಡದಲ್ಲಿ ವಿವರಿಸಿದೆ.

"ಅವನ ತಾಯಿಗೆ ಯಾರಾದರೂ ತಿಳಿಸಿದರಂತೇನೋ?" ಎಂದು ಅಮ್ಮ ಕೇಳಿದರು. ಗೈಡನ್ನೇ ಕೇಳೋಣವೆಂದು ತಿರುಗಿದರೆ ಅವರು ಆಗಲೇ ಗುಂಪನ್ನು ಮುಂದಿನ ಫಿರಂಗಿಯತ್ತ ನಡೆಸಿಕೊಂಡು ಹೋಗಿದ್ದರು.